ನಿಮಗಿಂತ ಮೊದಲೇ ಲಾಗಿನ್ ಆಗೋ ಲ್ಯಾಬ್ ಕಂಪ್ಯೂಟರ್

ಲ್ಯಾಬ್‌ಗೆ ಹೋಗಿ ಕಂಪ್ಯೂಟರ್ ಆನ್ ಮಾಡ್ತೀರಿ. ಫ್ಯಾನ್ ಸದ್ದು, ವಿಂಡೋಸ್ ಲೋಗೋ, ಆಮೇಲೆ ಲಾಗಿನ್ ಸ್ಕ್ರೀನ್. ಯುಎಸ್‌ಎನ್ ಹಾಕಿ, ಪಾಸ್‌ವರ್ಡ್ ಹಾಕಿ ಒಳಗೆ ಹೋಗ್ತೀರಿ. ಇವತ್ತು ಈ ಮೆಷಿನ್‌ನಿಂದ ಮೊದಲು ಲಾಗಿನ್ ಆಗಿದ್ದು ನಾನೇ ಅಂತ ನಾವೆಲ್ಲ ಅಂದುಕೊಳ್ತೀವಿ. ಆದ್ರೆ ನೀವು ಕೀಬೋರ್ಡ್ ಮುಟ್ಟೋ ಮೊದಲೇ ಅಲ್ಲಿ ಒಂದು ಲಾಗಿನ್ ಮುಗಿದುಹೋಗಿರತ್ತೆ. ಅದು ಆ ಕಂಪ್ಯೂಟರ್‌ದೇ ಲಾಗಿನ್. ಅದಕ್ಕೂ ಒಂದು ಅಕೌಂಟ್ ಇದೆ. ಅದಕ್ಕೂ ಒಂದು ಪಾಸ್‌ವರ್ಡ್ ಇದೆ, ಅದು ನಮ್ಮ ನಿಮ್ಮ ಪಾಸ್‌ವರ್ಡ್‌ಗಿಂತ ಎಷ್ಟೋ ಗಟ್ಟಿ. ಅದನ್ನ ಯಾರೂ ಟೈಪ್ ಮಾಡಲ್ಲ, ಸಿಸ್ಟಮ್ ಅಡ್ಮಿನ್‌ಗೂ ಅದು ಏನು ಅಂತ ಗೊತ್ತಿರಲ್ಲ.

ಕಂಪ್ಯೂಟರ್‌ಗೆ ಯಾಕಪ್ಪ ಪಾಸ್‌ವರ್ಡ್, ಕೂತು ಕೆಲಸ ಮಾಡೋದು ಮನುಷ್ಯ ತಾನೇ? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ನೆಟ್‌ವರ್ಕಿಂಗ್, ಕ್ರಿಪ್ಟೋಗ್ರಫಿ, ಆಪರೇಟಿಂಗ್ ಸಿಸ್ಟಮ್ ಮೂರೂ ಸಬ್ಜೆಕ್ಟ್ ಒಂದೇ ಜಾಗದಲ್ಲಿ ಸಿಗತ್ತೆ. ಆ ಪಾಸ್‌ವರ್ಡ್ ಸರಿಯಾಗಿ ಕೆಲಸ ಮಾಡ್ಲಿಲ್ಲ ಅಂದ್ರೆ ಏನಾಗತ್ತೆ ಅನ್ನೋದಕ್ಕೆ 2020ರ ಒಂದು ದೊಡ್ಡ ಉದಾಹರಣೆಯೂ ಇದೆ. ಒಂದೊಂದಾಗಿ ನೋಡೋಣ.

ಹೆಸರು ಹೇಳೋದು ಬೇರೆ, ಸಾಬೀತು ಮಾಡೋದು ಬೇರೆ

ಕ್ಲಾಸಲ್ಲಿ ಅಟೆಂಡೆನ್ಸ್ ಕೂಗ್ತಾರೆ. ಕೊನೇ ಬೆಂಚಿಂದ ‘ಪ್ರೆಸೆಂಟ್ ಸರ್’ ಅಂತ ಒಂದು ದನಿ ಬರತ್ತೆ. ಆ ದನಿ ನಿಜವಾಗ್ಲೂ ಆ ಯುಎಸ್‌ಎನ್‌ನವನದ್ದೇ? ಪ್ರಾಕ್ಸಿ ಅನ್ನೋ ಕಲೆ ಬದುಕಿರೋದೇ ಈ ಪ್ರಶ್ನೆಯನ್ನ ಯಾರೂ ಕೇಳದೇ ಇರೋದ್ರಿಂದ. ಯುಎಸ್‌ಎನ್ ಅನ್ನೋದು ಗುರುತು ಅಷ್ಟೇ. ಅದು ನೋಟಿಸ್ ಬೋರ್ಡಲ್ಲಿ ಇದೆ, ವಾಟ್ಸಾಪ್ ಗ್ರೂಪಲ್ಲಿ ಇದೆ, ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರೋದು ಪುರಾವೆ ಆಗಲ್ಲ.

ಸೆಮಿಸ್ಟರ್ ಎಕ್ಸಾಮ್ ಹಾಲಲ್ಲಿ ಹಾಗಲ್ಲ. ಹಾಲ್ ಟಿಕೆಟ್ ನೋಡ್ತಾರೆ, ಫೋಟೋ ನೋಡ್ತಾರೆ, ನಿಮ್ಮ ಮುಖ ನೋಡ್ತಾರೆ. ಮೊದಲನೆಯದು ‘ನಾನು ಇಂಥವನು’ ಅನ್ನೋ ಮಾತು, ಎರಡನೆಯದು ಆ ಮಾತಿನ ಪರೀಕ್ಷೆ. ಕಂಪ್ಯೂಟರ್ ಭಾಷೆಯಲ್ಲಿ ಮೊದಲನೆಯದು ಐಡೆಂಟಿಫಿಕೇಶನ್, ಎರಡನೆಯದು ಅಥೆಂಟಿಕೇಶನ್. ಕನ್ನಡದಲ್ಲಿ ಗುರುತಿಸೋದು ಮತ್ತು ದೃಢೀಕರಿಸೋದು ಅನ್ನಬಹುದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡೋದು ಅಭ್ಯಾಸ ಆದ್ರೆ ಈ ವಿಷಯ ಅರ್ಧ ಅರ್ಥ ಆದ ಹಾಗೆ.

ಐಪಿ, ಮ್ಯಾಕ್, ಹೋಸ್ಟ್‌ನೇಮ್: ಯಾವುದೂ ಪುರಾವೆ ಅಲ್ಲ

ಕಂಪ್ಯೂಟರ್‌ಗೆ ಗುರುತು ಅಂದ ತಕ್ಷಣ ನಮಗೆ ಹೊಳೆಯೋದು ಐಪಿ ಅಡ್ರೆಸ್. ಆದ್ರೆ ಐಪಿ ಅನ್ನೋದು ಹೆಚ್ಚುಕಮ್ಮಿ ಬಸ್ ಸೀಟ್ ಇದ್ದ ಹಾಗೆ. ಇವತ್ತು ಡಿಎಚ್‌ಸಿಪಿ ಸರ್ವರ್ ಒಬ್ಬರಿಗೆ ಕೊಡತ್ತೆ, ನಾಳೆ ಅದೇ ನಂಬರ್ ಇನ್ನೊಬ್ಬರಿಗೆ ಹೋಗತ್ತೆ. ಅದು ಎಲ್ಲಿ ಕೂತಿದ್ದೀರಿ ಅಂತ ಹೇಳತ್ತೆ, ಯಾರು ಅಂತ ಹೇಳಲ್ಲ.

ಸರಿ, ಮ್ಯಾಕ್ ಅಡ್ರೆಸ್? ಅದು 48 ಬಿಟ್‌ನ ನಂಬರ್. ಮೊದಲ 24 ಬಿಟ್ ನೋಡಿದ್ರೆ ನೆಟ್‌ವರ್ಕ್ ಕಾರ್ಡ್ ಯಾವ ಕಂಪನಿಯದ್ದು ಅಂತ ಗೊತ್ತಾಗತ್ತೆ. ಇದು ಹಾರ್ಡ್‌ವೇರ್ ಜೊತೆ ಬರೋದ್ರಿಂದ ಬದಲಾಗಲ್ಲ ಅಂತ ತುಂಬಾ ಜನ ನಂಬ್ತಾರೆ. ನಿಜ ಏನಂದ್ರೆ ಲಿನಕ್ಸಲ್ಲಿ ಒಂದೆರಡು ಕಮಾಂಡ್ ಸಾಕು, ನಿಮ್ಮ ಕಾರ್ಡ್ ಬೇರೆ ಮ್ಯಾಕ್ ಹೇಳೋಕೆ ಶುರು ಮಾಡತ್ತೆ. ಈಗಿನ ಫೋನ್‌ಗಳಂತೂ ಪ್ರೈವಸಿಗೋಸ್ಕರ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ತಾವೇ ಹೇಳ್ತವೆ. ಮೇಲಾಗಿ ಅದೇ ನೆಟ್‌ವರ್ಕ್‌ನಲ್ಲಿರೋ ಬೇರೆಯವರಿಗೆ ನಿಮ್ಮ ಮ್ಯಾಕ್ ಬರೀ ಕಣ್ಣಿಗೆ ಕಾಣೋ ಹಾಗೇ ಇರತ್ತೆ. ಗುಟ್ಟಲ್ಲದ್ದು ಪಾಸ್‌ವರ್ಡ್ ಆಗೋಕೆ ಸಾಧ್ಯ ಇಲ್ಲ.

ಹೋಸ್ಟ್‌ನೇಮ್ ಕಥೆಯೂ ಅಷ್ಟೇ. ಸೆಟ್ಟಿಂಗ್ಸಲ್ಲಿ ಹೋಗಿ ನನ್ನ ಲ್ಯಾಪ್‌ಟಾಪ್‌ಗೆ ‘ಪ್ರಿನ್ಸಿಪಾಲ್-ಪಿಸಿ’ ಅಂತ ಹೆಸರಿಟ್ಟರೆ ಯಾರೂ ತಡೆಯಲ್ಲ. ಈ ಮೂರೂ ಗುರುತುಗಳು, ಕೆಲಸಕ್ಕೆ ಬರೋ ಗುರುತುಗಳೇ. ಆದ್ರೆ ಇವು ‘ಪ್ರೆಸೆಂಟ್ ಸರ್’ ಮಟ್ಟದವು.

60 ಕಂಪ್ಯೂಟರ್, 300 ಜನ

ಈಗ ಸಮಸ್ಯೆಯನ್ನ ಲೆಕ್ಕದಲ್ಲಿ ನೋಡೋಣ. ಒಂದು ಲ್ಯಾಬಲ್ಲಿ 60 ಕಂಪ್ಯೂಟರ್, ಬ್ರಾಂಚಲ್ಲಿ 300 ಸ್ಟೂಡೆಂಟ್ಸ್ ಅಂತ ಇಟ್ಕೊಳ್ಳಿ. ಯಾರು ಎಲ್ಲಿ ಬೇಕಾದ್ರೂ ಕೂರಬಹುದು ಅನ್ನೋದಾದ್ರೆ ಪ್ರತಿ ಮೆಷಿನ್‌ನಲ್ಲೂ 300 ಅಕೌಂಟ್ ಮಾಡ್ಬೇಕು. 60 ಇಂಟು 300, ಒಟ್ಟು 18,000 ಅಕೌಂಟ್. ಒಬ್ಬ ಪಾಸ್‌ವರ್ಡ್ ಬದಲಾಯಿಸಿದ್ರೆ 60 ಕಡೆ ಹೋಗಿ ಬದಲಾಯಿಸ್ಬೇಕು. ಲ್ಯಾಬ್ ಅಸಿಸ್ಟೆಂಟ್ ಸರ್ ರಾಜೀನಾಮೆ ಕೊಡ್ತಾರೆ.

ಅದಕ್ಕೇ ಒಂದು ಕಡೆ ಎಲ್ಲರ ಪಟ್ಟಿ ಇಡೋ ಪದ್ಧತಿ ಬಂತು. ಈ ಪಟ್ಟಿಗೆ ಡೈರೆಕ್ಟರಿ ಅಂತಾರೆ. ವಿಂಡೋಸ್ ಲೋಕದಲ್ಲಿ ಇದರ ಹೆಸರು ಆಕ್ಟಿವ್ ಡೈರೆಕ್ಟರಿ, ಇದು ವಿಂಡೋಸ್ 2000 ಸರ್ವರ್ ಜೊತೆ ಬಂತು. ಪಟ್ಟಿ ಇಟ್ಟುಕೊಂಡಿರೋ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಅಂತಾರೆ. ಅದರ ಆಡಳಿತಕ್ಕೆ ಒಳಪಟ್ಟ ಯೂಸರ್‌ಗಳು, ಕಂಪ್ಯೂಟರ್‌ಗಳು ಎಲ್ಲ ಸೇರಿ ಒಂದು ಡೊಮೇನ್. ಈಗ 18,000 ಅಲ್ಲ, 300 ಅಕೌಂಟ್ ಸಾಕು. ಜೊತೆಗೆ ಇನ್ನೂ 60. ಯಾಕಂದ್ರೆ ಕಂಪ್ಯೂಟರ್‌ಗೂ ಒಂದೊಂದು ಅಕೌಂಟ್ ಬೇಕು.

ಯಾಕೆ ಬೇಕು? ಡೊಮೇನ್‌ಗೆ ಸೇರಿದ ಕಂಪ್ಯೂಟರ್ ಯಾರೂ ಲಾಗಿನ್ ಆಗದೇ ಇರುವಾಗಲೂ ಸುಮ್ನೆ ಕೂರಲ್ಲ. ಸೆಕ್ಯೂರಿಟಿ ಪಾಲಿಸಿಗಳನ್ನ ಡೌನ್‌ಲೋಡ್ ಮಾಡತ್ತೆ, ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡ್ಕೊಳ್ಳತ್ತೆ, ಟೈಮ್ ಸರಿ ಮಾಡ್ಕೊಳ್ಳತ್ತೆ. ಇದನ್ನೆಲ್ಲ ಸರ್ವರ್ ಯಾರಿಗೆ ಕೊಡ್ತಿದೀನಿ ಅಂತ ತಿಳಿದೇ ಕೊಡಬೇಕು. ಹಾಗೇ ಈ ಪಾಲಿಸಿ ನಿಜವಾದ ಸರ್ವರ್‌ನಿಂದಲೇ ಬಂದಿದ್ಯಾ ಅಂತ ಕಂಪ್ಯೂಟರ್‌ಗೂ ಗೊತ್ತಾಗಬೇಕು. ಪರೀಕ್ಷೆ ಎರಡೂ ಕಡೆಯಿಂದ ಆಗಬೇಕು.

ಡೊಮೇನ್‌ಗೆ ಸೇರೋ ದಿನ

ಹೊಸ ಕಂಪ್ಯೂಟರ್ ಡೊಮೇನ್‌ಗೆ ಸೇರೋದು ಕಾಲೇಜಲ್ಲಿ ಅಡ್ಮಿಷನ್ ಆದ ಹಾಗೆ. ಆ ದಿನ ಏನೇನು ಆಗತ್ತೆ ನೋಡಿ.

ಮೊದಲು ಕಂಪ್ಯೂಟರ್ ಡಿಎನ್‌ಎಸ್‌ನ ಕೇಳತ್ತೆ: ಈ ಡೊಮೇನ್‌ನ ಕಂಟ್ರೋಲರ್ ಎಲ್ಲಿದೆ? ವೆಬ್‌ಸೈಟ್ ಹೆಸರಿಗೆ ಐಪಿ ಹೇಳೋ ಅದೇ ಡಿಎನ್‌ಎಸ್, ಇಲ್ಲಿ ಸರ್ವಿಸ್ ರೆಕಾರ್ಡ್ ಅನ್ನೋ ಬೇರೆ ಥರದ ಉತ್ತರ ಕೊಡತ್ತೆ. ಡಿಎನ್‌ಎಸ್ ಸೆಟ್ಟಿಂಗ್ ತಪ್ಪಿದ್ರೆ ಜಾಯಿನ್ ಆಗೋದೇ ಇಲ್ಲ ಅನ್ನೋದು ಇದಕ್ಕೇ.

ಆಮೇಲೆ ಅಧಿಕಾರ ಇರೋ ಒಬ್ಬರು ತಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಕೊಡಬೇಕು. ಇಲ್ಲೊಂದು ಸ್ವಾರಸ್ಯ ಇದೆ. ಆಕ್ಟಿವ್ ಡೈರೆಕ್ಟರಿಯ ಡೀಫಾಲ್ಟ್ ಸೆಟ್ಟಿಂಗ್ ಪ್ರಕಾರ ಸಾಮಾನ್ಯ ಯೂಸರ್ ಕೂಡ 10 ಕಂಪ್ಯೂಟರ್‌ಗಳನ್ನ ಡೊಮೇನ್‌ಗೆ ಸೇರಿಸಬಹುದು. ಇದು ಅಪಾಯ ಅಂತ ಗೊತ್ತಿರೋ ಅಡ್ಮಿನ್‌ಗಳು ಮೊದಲು ಮಾಡೋ ಕೆಲಸಗಳಲ್ಲಿ ಆ 10ನ್ನ 0 ಮಾಡೋದೂ ಒಂದು.

ಅನುಮತಿ ಸಿಕ್ಕ ಮೇಲೆ ಡೈರೆಕ್ಟರಿಯಲ್ಲಿ ಒಂದು ಕಂಪ್ಯೂಟರ್ ಅಕೌಂಟ್ ಹುಟ್ಟತ್ತೆ. ಅದರ ಲಾಗಿನ್ ಹೆಸರಿನ ಕೊನೆಗೆ ಒಂದು ಡಾಲರ್ ಚಿಹ್ನೆ ಇರತ್ತೆ. ಕಂಪ್ಯೂಟರ್ ಹೆಸರು ‘ಲ್ಯಾಬ್3-17’ ಆದ್ರೆ ಅಕೌಂಟ್ ‘ಲ್ಯಾಬ್3-17$’. ಇನ್ನೊಂದು ವಿಷಯ ಕೇಳಿದ್ರೆ ಜಾವಾ ಓದ್ತಿರೋರಿಗೆ ಖುಷಿ ಆಗತ್ತೆ: ಡೈರೆಕ್ಟರಿಯ ಸ್ಕೀಮಾದಲ್ಲಿ ಕಂಪ್ಯೂಟರ್ ಅನ್ನೋ ಕ್ಲಾಸ್ ಯೂಸರ್ ಅನ್ನೋ ಕ್ಲಾಸ್‌ನಿಂದ ಇನ್‌ಹೆರಿಟ್ ಆಗಿದೆ. ಅಂದ್ರೆ ಡೊಮೇನ್ ದೃಷ್ಟಿಯಲ್ಲಿ ಕಂಪ್ಯೂಟರ್ ಕೂಡ ಒಂದು ಥರದ ಯೂಸರ್!

ಹೆಸರು ಬದಲಾಗಬಹುದು, ಅದಕ್ಕೇ ಬದಲಾಗದ ಒಂದು ನಂಬರನ್ನೂ ಕೊಡ್ತಾರೆ. ಅದು ಎಸ್‌ಐಡಿ, ಸೆಕ್ಯೂರಿಟಿ ಐಡೆಂಟಿಫೈಯರ್. ಇದರ ಮುಂಭಾಗ ಇಡೀ ಡೊಮೇನ್‌ಗೆ ಒಂದೇ, ಕೊನೆಯ ಭಾಗ ಮಾತ್ರ ಪ್ರತಿ ಅಕೌಂಟ್‌ಗೂ ಬೇರೆ. ಯುಎಸ್‌ಎನ್‌ನಲ್ಲಿ ಕಾಲೇಜು ಕೋಡ್ ಮೊದಲು, ರೋಲ್ ನಂಬರ್ ಕೊನೆಗೆ ಬರತ್ತಲ್ಲ, ಹಾಗೆ. ಕಂಪ್ಯೂಟರ್ ಹೆಸರು ಬದಲಾಯಿಸಿದ್ರೂ ಎಸ್‌ಐಡಿ ಅದೇ ಇರತ್ತೆ. ಆದ್ರೆ ಅಕೌಂಟ್ ಡಿಲೀಟ್ ಮಾಡಿ ಅದೇ ಹೆಸರಲ್ಲಿ ಮತ್ತೆ ಮಾಡಿದ್ರೆ ಹೊಸ ಎಸ್‌ಐಡಿ ಬರತ್ತೆ, ಹಳೇ ಪರ್ಮಿಷನ್‌ಗಳು ಯಾವುದೂ ಸಿಗಲ್ಲ. ಹೆಸರು ಒಂದೇ, ಆಸಾಮಿ ಬೇರೆ.

ಕೊನೆಗೆ ಪಾಸ್‌ವರ್ಡ್. ಕಂಪ್ಯೂಟರ್ ತಾನೇ 120 ಅಕ್ಷರಗಳ ಒಂದು ರ‍್ಯಾಂಡಮ್ ಪಾಸ್‌ವರ್ಡ್ ಮಾಡ್ಕೊಳ್ಳತ್ತೆ. ನಮ್ಮ ಹಾಗೆ ಹುಟ್ಟಿದ ದಿನ, ಕ್ರಷ್ ಹೆಸರು, ಕೊನೆಗೊಂದು 123 ಅಲ್ಲ. ಇದನ್ನ ತನ್ನ ರಿಜಿಸ್ಟ್ರಿಯ ರಕ್ಷಿತ ಜಾಗದಲ್ಲಿ ಇಡತ್ತೆ. ಡೊಮೇನ್ ಕಂಟ್ರೋಲರ್ ಬಳಿ ಆ ಪಾಸ್‌ವರ್ಡ್‌ನಿಂದ ತಯಾರಾದ ಕೀಗಳು ಇರ್ತವೆ. ಡೀಫಾಲ್ಟ್ ಆಗಿ 30 ದಿನಕ್ಕೊಮ್ಮೆ ಕಂಪ್ಯೂಟರ್ ಇದನ್ನ ತಾನೇ ಬದಲಾಯಿಸತ್ತೆ. ಎಲ್ಲ ಸದ್ದಿಲ್ಲದೇ ನಡೆಯತ್ತೆ.

ಮೂರು ತಲೆಯ ನಾಯಿ

ಈಗ ಇಬ್ಬರ ಹತ್ರಾನೂ ಒಂದು ಗುಟ್ಟು ಇದೆ. ಅದನ್ನ ನೆಟ್‌ವರ್ಕಲ್ಲಿ ಕಳಿಸದೇನೇ, ನನಗೆ ಗುಟ್ಟು ಗೊತ್ತು ಅಂತ ಸಾಬೀತು ಮಾಡೋದು ಹೇಗೆ? ಇದಕ್ಕೆ ಉತ್ತರ ಕರ್ಬರೋಸ್ ಅನ್ನೋ ಪ್ರೋಟೋಕಾಲ್.

ಇದು ಮೈಕ್ರೋಸಾಫ್ಟ್‌ನವರು ಮಾಡಿದ್ದಲ್ಲ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಪ್ರಾಜೆಕ್ಟ್ ಅಥೀನಾ ಅಂತ ಶುರುವಾಯ್ತು. ಕ್ಯಾಂಪಸ್ ತುಂಬಾ ಕಂಪ್ಯೂಟರ್ ಹರಡಬೇಕು, ಸ್ಟೂಡೆಂಟ್ಸ್ ಯಾವುದರಲ್ಲಿ ಬೇಕಾದ್ರೂ ಕೂತು ಕೆಲಸ ಮಾಡಬೇಕು ಅನ್ನೋದು ಅದರ ಉದ್ದೇಶ. ಸರಿಯಾಗಿ ನಮ್ಮ ಲ್ಯಾಬ್ ಸಮಸ್ಯೆ! ಅಲ್ಲಿ ಹುಟ್ಟಿದ್ದು ಕರ್ಬರೋಸ್. ಅದರ ಬೇರು ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ 1978ರಲ್ಲಿ ಪ್ರಕಟಿಸಿದ ಪ್ರೋಟೋಕಾಲ್‌ನಲ್ಲಿದೆ. ಐದನೇ ಆವೃತ್ತಿ 1993ರಲ್ಲಿ ಬಂತು, ವಿಂಡೋಸ್ 2000ದಿಂದ ಈಚೆಗೆ ಡೊಮೇನ್‌ಗಳಲ್ಲಿ ಓಡ್ತಿರೋದು ಅದೇ. ಹೆಸರು ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯೋ ಮೂರು ತಲೆಯ ನಾಯಿಯದ್ದು. ಇಲ್ಲೂ ಮೂರು ಪಾತ್ರ: ಕೇಳೋ ಕಂಪ್ಯೂಟರ್, ಸೇವೆ ಕೊಡೋ ಸರ್ವರ್, ಮಧ್ಯದಲ್ಲಿ ಇಬ್ಬರೂ ನಂಬೋ ಕೀ ವಿತರಣಾ ಕೇಂದ್ರ. ಆಕ್ಟಿವ್ ಡೈರೆಕ್ಟರಿಯಲ್ಲಿ ಈ ಕೇಂದ್ರ ಡೊಮೇನ್ ಕಂಟ್ರೋಲರ್‌ನಲ್ಲೇ ಇರತ್ತೆ. ಮುಂದಕ್ಕೆ ಇದನ್ನ ‘ಕೇಂದ್ರ’ ಅಂತಷ್ಟೇ ಕರೀತೀನಿ.

ಕಾಲೇಜು ಫೆಸ್ಟ್ ನೆನಪಿಸ್ಕೊಳ್ಳಿ. ರಿಜಿಸ್ಟ್ರೇಶನ್ ಡೆಸ್ಕಲ್ಲಿ ಒಂದೇ ಸಲ ಐಡಿ ಕಾರ್ಡ್ ನೋಡ್ತಾರೆ, ಕೈಗೆ ಬ್ಯಾಂಡ್ ಕಟ್ತಾರೆ. ಆಮೇಲೆ ಯಾವ ಇವೆಂಟ್ ಬೇಕೋ ಅದಕ್ಕೆ ಬ್ಯಾಂಡ್ ತೋರಿಸಿ ಒಂದು ಸ್ಲಿಪ್ ತಗೊಳ್ತೀರಿ. ಇವೆಂಟ್ ಬಾಗಿಲಲ್ಲಿ ನಿಂತ ವಾಲಂಟಿಯರ್ ಸ್ಲಿಪ್ ನೋಡಿ ಒಳಗೆ ಬಿಡ್ತಾನೆ. ಅವನು ನಿಮ್ಮ ಐಡಿ ಕಾರ್ಡ್ ಕೇಳಲ್ಲ. ಕರ್ಬರೋಸ್ ಇದೇ ಥರ ಮೂರು ಸುತ್ತಲ್ಲಿ ಕೆಲಸ ಮಾಡತ್ತೆ.

ಮೊದಲನೇ ಸುತ್ತು: ಕಂಪ್ಯೂಟರ್ ಬೂಟ್ ಆದ ಕೂಡಲೇ ಆಗಿನ ಸಮಯವನ್ನ ತನ್ನ ಪಾಸ್‌ವರ್ಡ್‌ನಿಂದ ಬಂದ ಕೀ ಬಳಸಿ ಎನ್‌ಕ್ರಿಪ್ಟ್ ಮಾಡಿ ಕಳಿಸತ್ತೆ. ಕೇಂದ್ರ ತನ್ನ ಹತ್ರ ಇರೋ ಕೀ ಹಾಕಿ ಬಿಚ್ಚಿ ನೋಡತ್ತೆ. ಸರಿಯಾದ ಸಮಯ ಕಂಡ್ರೆ ಕಳಿಸಿದ್ದು ಅದೇ ಕಂಪ್ಯೂಟರ್ ಅಂತ ಅರ್ಥ. ಪಾಸ್‌ವರ್ಡ್ ವೈರ್ ಮೇಲೆ ಹೋಗ್ಲೇ ಇಲ್ಲ, ಗಮನಿಸಿ. ಉತ್ತರವಾಗಿ ಎರಡು ವಸ್ತು ಬರ್ತವೆ. ಒಂದು, ಟಿಕೆಟ್ ಗ್ರ್ಯಾಂಟಿಂಗ್ ಟಿಕೆಟ್, ಅಂದ್ರೆ ಬ್ಯಾಂಡ್. ಇದನ್ನ ಕೇಂದ್ರದ ಸ್ವಂತ ಕೀಯಿಂದ ಮುಚ್ಚಿರ್ತಾರೆ, ಹಿಡ್ಕೊಂಡಿರೋ ಕಂಪ್ಯೂಟರ್‌ಗೂ ಅದನ್ನ ಓದೋಕೆ ಆಗಲ್ಲ. ಎರಡು, ತಾತ್ಕಾಲಿಕ ಸೆಷನ್ ಕೀ. ಇದನ್ನ ಕಂಪ್ಯೂಟರ್‌ನ ಕೀಯಿಂದ ಮುಚ್ಚಿರೋದ್ರಿಂದ ಅದು ಮಾತ್ರ ಬಿಚ್ಚಬಹುದು.

ಎರಡನೇ ಸುತ್ತು: ಫೈಲ್ ಸರ್ವರ್ ಬೇಕು ಅಂದಾಗ ಕಂಪ್ಯೂಟರ್ ಆ ಬ್ಯಾಂಡನ್ನ ಕೇಂದ್ರಕ್ಕೆ ತೋರಿಸಿ, ಫೈಲ್ ಸರ್ವರ್‌ಗೆ ಅಂತ ಒಂದು ಟಿಕೆಟ್ ಕೇಳತ್ತೆ. ಬರೋ ಟಿಕೆಟ್ ಫೈಲ್ ಸರ್ವರ್‌ನ ಕೀಯಿಂದ ಮುಚ್ಚಿರತ್ತೆ. ಮೂರನೇ ಸುತ್ತು: ಆ ಟಿಕೆಟನ್ನ ಫೈಲ್ ಸರ್ವರ್‌ಗೆ ಕೊಡತ್ತೆ. ಸರ್ವರ್ ತನ್ನ ಕೀಯಿಂದ ಬಿಚ್ಚತ್ತೆ. ಬಿಚ್ಚೋಕೆ ಬಂತು ಅಂದ್ರೆ ಕೇಂದ್ರವೇ ಮಾಡಿದ ಟಿಕೆಟ್. ಕೇಂದ್ರಕ್ಕೆ ಫೋನ್ ಮಾಡಿ ಕೇಳೋ ಅಗತ್ಯ ಇಲ್ಲ.

ಫೆಸ್ಟ್ ಹೋಲಿಕೆ ಒಂದು ಕಡೆ ಮುರಿದು ಬೀಳತ್ತೆ. ಸ್ಲಿಪ್ಪನ್ನ ಫ್ರೆಂಡ್‌ಗೆ ದಾಟಿಸಿದ್ರೆ ಅವನೂ ಒಳಗೆ ಹೋಗಬಹುದು. ಕರ್ಬರೋಸ್‌ನಲ್ಲಿ ಟಿಕೆಟ್ ಮಾತ್ರ ಕದ್ದರೆ ಉಪಯೋಗ ಇಲ್ಲ. ಅದರ ಜೊತೆ ಸೆಷನ್ ಕೀಯಿಂದ ಎನ್‌ಕ್ರಿಪ್ಟ್ ಮಾಡಿದ ಈ ಕ್ಷಣದ ಸಮಯವನ್ನೂ ಕೊಡಬೇಕು. ಕೀ ಇಲ್ಲದ ಕಳ್ಳ ಅದನ್ನ ತಯಾರು ಮಾಡಲಾರ, ಹಳೆಯದನ್ನ ರೆಕಾರ್ಡ್ ಮಾಡಿ ಮತ್ತೆ ಕಳಿಸಿದ್ರೆ ಸಮಯ ಹಳೆಯದಾಗಿರತ್ತೆ.

ಇಲ್ಲಿ ಗಡಿಯಾರವೂ ಸೆಕ್ಯೂರಿಟಿಯ ಒಂದು ಭಾಗ ಅಂತ ಗೊತ್ತಾಗತ್ತೆ. ಡೀಫಾಲ್ಟ್ ಆಗಿ 5 ನಿಮಿಷದ ವ್ಯತ್ಯಾಸ ಮಾತ್ರ ಒಪ್ಪಿಗೆ. ಮದರ್‌ಬೋರ್ಡ್‌ನ ಬ್ಯಾಟರಿ ಸತ್ತು ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋದ ಹಳೇ ಪಿಸಿಗಳು ಲಾಗಿನ್‌ಗೆ ತಕರಾರು ಮಾಡಬಹುದು. ಅನುಭವ ಇರೋ ಅಡ್ಮಿನ್‌ಗಳು ಮೊದಲು ಪರದೆಯ ಮೂಲೆಯ ಟೈಮ್ ನೋಡೋದು ಸುಮ್ನೆ ಅಲ್ಲ. ಟಿಕೆಟ್‌ಗಳಿಗೂ ಆಯಸ್ಸು ಇದೆ, ಡೀಫಾಲ್ಟ್ ಆಗಿ 10 ಗಂಟೆ.

ಅದರ ಪಾಸ್‌ವರ್ಡ್ ನಿಮ್ಮನ್ನ ಕಾಯೋದು ಹೇಗೆ

ಈಗ ನೀವು ಕೂತು ನಿಮ್ಮ ಪಾಸ್‌ವರ್ಡ್ ಹಾಕ್ತೀರಿ. ನಿಮ್ಮ ಹೆಸರಲ್ಲೂ ಇದೇ ಮೊದಲ ಸುತ್ತು ನಡೆದು ಬ್ಯಾಂಡ್ ಸಿಗತ್ತೆ. ಅಷ್ಟಕ್ಕೇ ಕಂಪ್ಯೂಟರ್ ನಿಮ್ಮನ್ನ ಒಳಗೆ ಬಿಟ್ಟುಬಿಡಬಹುದಾ? ಬಿಟ್ಟರೆ ಒಂದು ತೂತು ಉಳಿಯತ್ತೆ.

ಯೋಚನೆ ಮಾಡಿ. ಒಬ್ಬ ತನ್ನ ಲ್ಯಾಪ್‌ಟಾಪ್‌ನಲ್ಲಿ ನಕಲಿ ಕೇಂದ್ರ ಮಾಡಿ, ಲ್ಯಾಬ್ ಪಿಸಿ ಅದನ್ನೇ ಅಸಲಿ ಅಂತ ತಿಳಿಯೋ ಹಾಗೆ ನೆಟ್‌ವರ್ಕ್ ತಿರುಗಿಸ್ತಾನೆ. ಆಮೇಲೆ ಪ್ರೊಫೆಸರ್ ಯೂಸರ್‌ನೇಮ್ ಹಾಕಿ, ಪಾಸ್‌ವರ್ಡ್ ಜಾಗದಲ್ಲಿ ತಾನೇ ಆರಿಸಿದ ಏನೋ ಒಂದು ಹಾಕ್ತಾನೆ. ನಕಲಿ ಕೇಂದ್ರಕ್ಕೂ ಅದೇ ಪಾಸ್‌ವರ್ಡ್ ಹೇಳಿಕೊಟ್ಟಿರ್ತಾನೆ. ಎರಡೂ ಹೊಂದತ್ತೆ, ಬ್ಯಾಂಡ್ ಬರತ್ತೆ.

ಅದಕ್ಕೇ ವಿಂಡೋಸ್ ಇನ್ನೊಂದು ಹೆಜ್ಜೆ ಇಡತ್ತೆ. ನಿಮ್ಮ ಬ್ಯಾಂಡ್ ತೋರಿಸಿ ಕೇಂದ್ರದಿಂದ ತನಗೇ ಒಂದು ಟಿಕೆಟ್ ಕೇಳತ್ತೆ, ಅಂದ್ರೆ ಆ ಲ್ಯಾಬ್ ಪಿಸಿಗೆ ಪ್ರವೇಶ ಕೊಡೋ ಟಿಕೆಟ್. ಅದು ಲ್ಯಾಬ್ ಪಿಸಿಯ ಕೀಯಿಂದ, ಅಂದ್ರೆ ಆ 120 ಅಕ್ಷರದ ಪಾಸ್‌ವರ್ಡ್‌ನಿಂದ ಬಂದ ಕೀಯಿಂದ ಮುಚ್ಚಿರಬೇಕು. ನಕಲಿ ಕೇಂದ್ರಕ್ಕೆ ಆ ಕೀ ಎಲ್ಲಿಂದ ಬರಬೇಕು? ಅಲ್ಲೇ ಸಿಕ್ಕಿಬೀಳತ್ತೆ. ಕಂಪ್ಯೂಟರ್‌ಗೆ ಯಾಕೆ ಪಾಸ್‌ವರ್ಡ್ ಅಂತ ಮೊದಲು ಕೇಳಿದ್ವಲ್ಲ, ಇದು ಅದಕ್ಕೆ ಒಳ್ಳೇ ಉತ್ತರ. ಕಂಪ್ಯೂಟರ್ ತಾನು ಯಾರು ಅಂತ ಹೇಳೋಕೆ ಮಾತ್ರ ಅಲ್ಲ, ತನಗೆ ಹೇಳ್ತಿರೋರು ಯಾರು ಅಂತ ಪರೀಕ್ಷಿಸೋಕೂ ಆ ಗುಟ್ಟು ಬೇಕು.

ನಂಬಿಕೆ ಮುರಿದಾಗ

ಇಂಟರ್ನಲ್ಸ್ ದಿನ ಲ್ಯಾಬ್‌ಗೆ ಬಂದು ಲಾಗಿನ್ ಮಾಡಿದ್ರೆ ಒಂದು ಮೆಸೇಜ್ ಬರಬಹುದು: ಈ ವರ್ಕ್‌ಸ್ಟೇಷನ್ ಮತ್ತು ಪ್ರೈಮರಿ ಡೊಮೇನ್ ನಡುವಿನ ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ ಆಗಿದೆ ಅಂತ. ಓದಿದ್ರೆ ಬ್ರೇಕಪ್ ಮೆಸೇಜ್ ಥರ ಇದೆ. ಅರ್ಥ ಮಾತ್ರ ಸರಳ: ಕಂಪ್ಯೂಟರ್ ಬಳಿ ಇರೋ ಪಾಸ್‌ವರ್ಡ್‌ಗೂ ಡೊಮೇನ್ ಬಳಿ ಇರೋದಕ್ಕೂ ತಾಳೆ ಆಗ್ತಿಲ್ಲ. ನಿಮ್ಮ ಪಾಸ್‌ವರ್ಡ್ ಸರಿಯಾಗೇ ಇರತ್ತೆ, ಆದ್ರೂ ಒಳಗೆ ಹೋಗೋಕೆ ಆಗಲ್ಲ.

ರಜೆಯಲ್ಲಿ ತುಂಬಾ ದಿನ ಆಫ್ ಮಾಡಿಟ್ಟಿದ್ರು, ಅದಕ್ಕೇ ಪಾಸ್‌ವರ್ಡ್ ಎಕ್ಸ್‌ಪೈರ್ ಆಯ್ತು ಅಂತ ಕೆಲವರು ಹೇಳ್ತಾರೆ. ಅದು ಸರಿಯಲ್ಲ. 30 ದಿನದ ಬದಲಾವಣೆ ಶುರು ಮಾಡೋದು ಕಂಪ್ಯೂಟರೇ, ಡೊಮೇನ್ ಅಲ್ಲ. ಆರು ತಿಂಗಳು ಆಫ್ ಇದ್ರೆ ಎರಡೂ ಕಡೆ ಹಳೇ ಪಾಸ್‌ವರ್ಡೇ ಕಾಯ್ತಾ ಇರತ್ತೆ. ಆನ್ ಮಾಡಿದ್ರೆ ಕೆಲಸ ಮಾಡತ್ತೆ, ಆಮೇಲೆ ಬದಲಾಯಿಸ್ಕೊಳ್ಳತ್ತೆ.

ನಿಜವಾದ ಕಾರಣ ಸಾಮಾನ್ಯವಾಗಿ ಕಾಲದಲ್ಲಿ ಹಿಂದೆ ಹೋಗೋದು. ವರ್ಚುವಲ್ ಮೆಷಿನ್‌ನ ಹಳೇ ಸ್ನ್ಯಾಪ್‌ಶಾಟ್‌ಗೆ ಮರಳಿದ್ರೆ ಅದರೊಳಗಿನ ಪಾಸ್‌ವರ್ಡ್ ಕೂಡ ಹಳೆಯದಾಗತ್ತೆ, ಡೊಮೇನ್ ಮಾತ್ರ ಮುಂದಿರತ್ತೆ. ಲ್ಯಾಬ್‌ಗಳಲ್ಲಿ ರೀಬೂಟ್ ಮಾಡಿದ್ರೆ ಎಲ್ಲ ಮೊದಲಿನಂತೆ ಮಾಡೋ ಸಾಫ್ಟ್‌ವೇರ್ ಹಾಕಿರ್ತಾರಲ್ಲ, ಅದೂ ಇದೇ ಗೋಳು ತರಬಹುದು: ಹೊಸ ಪಾಸ್‌ವರ್ಡ್ ಬರೆದುಕೊಂಡ ಮೆಷಿನ್, ರೀಬೂಟ್ ಆದಾಗ ಅದನ್ನ ಮರೆತುಬಿಡತ್ತೆ. ಇನ್ನೊಂದು ಕಾರಣ, ಒಂದು ಮೆಷಿನ್ ಡೊಮೇನ್‌ಗೆ ಸೇರಿಸಿ ಆಮೇಲೆ ಅದರ ಹಾರ್ಡ್ ಡಿಸ್ಕ್ ಕಾಪಿ ಹೊಡೆದು ಎಲ್ಲ ಮೆಷಿನ್‌ಗೂ ಹಾಕೋದು. ಎಲ್ಲವೂ ಒಂದೇ ಅಕೌಂಟ್ ಹೇಳ್ತವೆ, ಒಂದು ಮೆಷಿನ್ ಪಾಸ್‌ವರ್ಡ್ ಬದಲಾಯಿಸಿದ್ರೆ ಉಳಿದವು ಹೊರಗೆ. ಅದಕ್ಕೇ ಕಾಪಿ ಮಾಡೋ ಮೊದಲು ಸಿಸ್‌ಪ್ರೆಪ್ ಅನ್ನೋ ಟೂಲ್ ಓಡಿಸಿ ಗುರುತುಗಳನ್ನ ಅಳಿಸ್ತಾರೆ, ಡೊಮೇನ್‌ಗೆ ಒಂದೊಂದನ್ನೂ ಬೇರೆಯಾಗಿ ಸೇರಿಸ್ತಾರೆ.

ಈ ಎರರ್ ಬಂದಾಗ ಕೇಬಲ್ ಕಿತ್ತು ಲಾಗಿನ್ ಮಾಡು, ಆಗತ್ತೆ ಅನ್ನೋ ಸೀನಿಯರ್ ಟಿಪ್ ಕೇಳಿರಬಹುದು. ಅದು ಮಂತ್ರ ಅಲ್ಲ. ಇತ್ತೀಚೆಗೆ ಲಾಗಿನ್ ಆದವರ ಪಾಸ್‌ವರ್ಡ್‌ನ ಪರೀಕ್ಷಿಸೋಕೆ ಬೇಕಾದ ಮಾಹಿತಿಯನ್ನ ವಿಂಡೋಸ್ ತನ್ನಲ್ಲೇ ಇಟ್ಕೊಂಡಿರತ್ತೆ, ಡೀಫಾಲ್ಟ್ ಆಗಿ 10 ಲಾಗಿನ್‌ವರೆಗೆ. ಡೊಮೇನ್ ಸಿಗದೇ ಇದ್ರೆ ಅದನ್ನೇ ನೋಡಿ ಬಿಡತ್ತೆ. ಒಳಗೆ ಹೋಗಬಹುದು, ಆದ್ರೆ ಸಮಸ್ಯೆ ಹಾಗೇ ಇರತ್ತೆ. ಸರಿ ಮಾಡೋಕೆ ಅಡ್ಮಿನ್ ಪವರ್‌ಶೆಲ್‌ನಲ್ಲಿ ಒಂದು ಕಮಾಂಡ್‌ನಿಂದ ಪಾಸ್‌ವರ್ಡ್‌ನ ಎರಡೂ ಕಡೆ ಹೊಸದಾಗಿ ಹೊಂದಿಸ್ತಾರೆ, ಇಲ್ಲಾಂದ್ರೆ ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸ್ತಾರೆ.

ಸೊನ್ನೆಗಳಿಂದ ಬಿದ್ದ ಬಾಗಿಲು

ಇಷ್ಟೆಲ್ಲ ಗಟ್ಟಿ ವ್ಯವಸ್ಥೆ ಮುರಿಯತ್ತಾ? 2020ರಲ್ಲಿ ಮುರೀತು. ನೆದರ್‌ಲ್ಯಾಂಡ್ಸ್‌ನ ಸೆಕ್ಯುರಾ ಅನ್ನೋ ಕಂಪನಿಯ ಟಾಮ್ ಟರ್ವೋರ್ಟ್ ಕಂಡುಹಿಡಿದ ಈ ದೋಷಕ್ಕೆ ಝೀರೋಲಾಗನ್ ಅಂತ ಹೆಸರು. ತೀವ್ರತೆಯ ಅಂಕ 10ಕ್ಕೆ 10.

ಕರ್ಬರೋಸ್ ಪಕ್ಕದಲ್ಲೇ ನೆಟ್‌ಲಾಗನ್ ಅನ್ನೋ ಇನ್ನೊಂದು ಹಳೇ ಪ್ರೋಟೋಕಾಲ್ ಇದೆ. ಕಂಪ್ಯೂಟರ್ ತನ್ನ ಪಾಸ್‌ವರ್ಡ್ ಬದಲಾಯಿಸೋದು ಇದರ ಮೂಲಕ. ಇಲ್ಲಿ ಎರಡೂ ಕಡೆಯವರು 8 ಬೈಟ್‌ನ ಒಂದೊಂದು ಚಾಲೆಂಜ್ ಕಳಿಸ್ತಾರೆ. ಆ ಎರಡು ಚಾಲೆಂಜ್ ಮತ್ತು ಪಾಸ್‌ವರ್ಡ್ ಸೇರಿ ಒಂದು ಸೆಷನ್ ಕೀ ಆಗತ್ತೆ. ಕಂಪ್ಯೂಟರ್ ತನ್ನ ಚಾಲೆಂಜನ್ನ ಆ ಕೀಯಿಂದ ಎನ್‌ಕ್ರಿಪ್ಟ್ ಮಾಡಿ ಕಳಿಸಿದ್ರೆ ಪಾಸ್‌ವರ್ಡ್ ಗೊತ್ತಿದೆ ಅಂತ ಸಾಬೀತಾಯ್ತು. ಐಡಿಯಾ ಸರಿ, ಎಇಎಸ್ ಸೈಫರ್ ಕೂಡ ಗಟ್ಟಿ. ಎಡವಿದ್ದು ಅದನ್ನ ಬಳಸಿದ ರೀತಿಯಲ್ಲಿ.

ಬಳಸಿದ್ದು ಸಿಎಫ್‌ಬಿ8 ಅನ್ನೋ ಮೋಡ್. ಇದರಲ್ಲಿ 16 ಬೈಟ್‌ನ ಒಂದು ಆರಂಭಿಕ ಮೌಲ್ಯ ಬೇಕು, ಅದು ಪ್ರತಿ ಸಲ ರ‍್ಯಾಂಡಮ್ ಆಗಿರಬೇಕು. ಅದನ್ನ ಎಇಎಸ್‌ಗೆ ಹಾಕಿ, ಬಂದ ಮೊದಲ ಬೈಟನ್ನ ಡೇಟಾದ ಮೊದಲ ಬೈಟ್ ಜೊತೆ ಎಕ್ಸಾರ್ ಮಾಡ್ತಾರೆ. ಬಂದ ಬೈಟನ್ನ ಆರಂಭಿಕ ಮೌಲ್ಯದ ಕೊನೆಗೆ ತಳ್ಳಿ ಮತ್ತೆ ಅದೇ ಕೆಲಸ. ನೆಟ್‌ಲಾಗನ್‌ನಲ್ಲಿ ಆ ಆರಂಭಿಕ ಮೌಲ್ಯವನ್ನ ಯಾವಾಗಲೂ 16 ಸೊನ್ನೆ ಅಂತ ಇಟ್ಟಿದ್ರು.

ಈಗ ಪೆನ್ ತಗೊಳ್ಳಿ. ದಾಳಿಕೋರ ಚಾಲೆಂಜ್ ಆಗಿ 8 ಸೊನ್ನೆ ಕಳಿಸ್ತಾನೆ. ಎಇಎಸ್ 16 ಸೊನ್ನೆಗಳನ್ನ ಏನೋ ಒಂದು ಮಾಡತ್ತೆ. ಅದರ ಮೊದಲ ಬೈಟ್ ಸೊನ್ನೆ ಆಗೋ ಸಾಧ್ಯತೆ 256ರಲ್ಲಿ 1. ಹಾಗಾದ್ರೆ ಸೊನ್ನೆ ಎಕ್ಸಾರ್ ಸೊನ್ನೆ, ಸೊನ್ನೆ. ಅದನ್ನ ಕೊನೆಗೆ ತಳ್ಳಿದ್ರೂ ಮತ್ತೆ 16 ಸೊನ್ನೆಗಳೇ. ಮುಂದಿನ ಬೈಟೂ ಸೊನ್ನೆ, ಅದರ ಮುಂದಿನದೂ ಸೊನ್ನೆ. ಉತ್ತರ 8 ಸೊನ್ನೆ! ಕೀ ಏನೂ ಗೊತ್ತಿಲ್ಲದೇ ದಾಳಿಕೋರ ಸುಮ್ನೆ 8 ಸೊನ್ನೆ ಕಳಿಸ್ತಾ ಹೋದ್ರೆ ಸಾಕು. ಸರ್ವರ್‌ನ ಚಾಲೆಂಜ್ ಪ್ರತಿ ಸಲ ಬದಲಾಗೋದ್ರಿಂದ ಕೀಯೂ ಬದಲಾಗತ್ತೆ, ಅಂದ್ರೆ ಪ್ರತಿ ಸಲ ಹೊಸ ದಾಳ ಎಸೆದ ಹಾಗೆ. ಸರಾಸರಿ 256 ಪ್ರಯತ್ನ. 2000 ಸಲ ಪ್ರಯತ್ನಿಸಿದ್ರೆ ಎಲ್ಲದರಲ್ಲೂ ಸೋಲೋ ಸಾಧ್ಯತೆ 0.04% ಮಾತ್ರ. ಮನುಷ್ಯರ ಅಕೌಂಟ್ ಥರ ತಪ್ಪು ಪಾಸ್‌ವರ್ಡ್ ಹಾಕಿದ್ರೆ ಲಾಕ್ ಆಗೋ ನಿಯಮ ಇಲ್ಲಿ ಅಡ್ಡ ಬರ್ತಿರಲಿಲ್ಲ. ಕೆಲವೇ ಸೆಕೆಂಡ್ ಸಾಕಿತ್ತು.

ಮುಂದಿನದ್ದು ಇನ್ನೂ ಭಯಂಕರ. ಡೊಮೇನ್ ಕಂಟ್ರೋಲರ್ ಕೂಡ ಒಂದು ಕಂಪ್ಯೂಟರೇ, ಅದಕ್ಕೂ ಡಾಲರ್ ಚಿಹ್ನೆಯ ಅಕೌಂಟ್ ಇದೆ. ದಾಳಿಕೋರ ‘ನಾನೇ ಕಂಟ್ರೋಲರ್’ ಅಂತ ಹೇಳಿ ಸೊನ್ನೆಗಳಿಂದ ಒಳಗೆ ಬಂದು, ಅದೇ ಸೊನ್ನೆಗಳಿಂದ ಆ ಅಕೌಂಟ್‌ನ ಪಾಸ್‌ವರ್ಡನ್ನ ಖಾಲಿ ಮಾಡಬಹುದಿತ್ತು. ಅಲ್ಲಿಗೆ ಇಡೀ ಡೊಮೇನ್ ಅವನ ಕೈಗೆ. ಮೈಕ್ರೋಸಾಫ್ಟ್ 2020ರ ಆಗಸ್ಟ್‌ನಲ್ಲಿ ಪ್ಯಾಚ್ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೈಬರ್ ಸೆಕ್ಯೂರಿಟಿ ಏಜೆನ್ಸಿ, ಕೇಂದ್ರ ಸರ್ಕಾರದ ಇಲಾಖೆಗಳೆಲ್ಲ ತಕ್ಷಣ ಪ್ಯಾಚ್ ಹಾಕಲೇಬೇಕು ಅಂತ ತುರ್ತು ಆದೇಶ ಹೊರಡಿಸಿತು.

ಮನುಷ್ಯರ ಪಾಸ್‌ವರ್ಡ್ ಒಂದೂ ಕದಿಯದೇ, ಒಂದು ಕಂಪ್ಯೂಟರ್‌ನ ಗುರುತು ಕದ್ದು ಇಡೀ ಸಂಸ್ಥೆಯನ್ನ ಹಿಡಿಯಬಹುದು ಅಂತ ಇದು ತೋರಿಸ್ತು. ಕ್ರಿಪ್ಟೋ ಎಕ್ಸಾಮಲ್ಲಿ ಆರಂಭಿಕ ಮೌಲ್ಯ ಯಾಕೆ ರ‍್ಯಾಂಡಮ್ ಇರಬೇಕು ಅಂತ ಎರಡು ಮಾರ್ಕ್ಸ್ ಪ್ರಶ್ನೆ ಬಂದ್ರೆ, ಅದರ ನಿಜವಾದ ಬೆಲೆ ಇಷ್ಟು.

ವೈಫೈನಲ್ಲಿ ನಿಮ್ಮ ಸರದಿ

ಇದುವರೆಗೆ ಹೇಳಿದ್ದೆಲ್ಲ ಕೇಬಲ್ ಸಿಕ್ಕಿಸಿ ನೆಟ್‌ವರ್ಕ್ ಸಿಕ್ಕ ಮೇಲಿನ ಮಾತು. ಕೇಬಲ್ ಸಿಕ್ಕಿಸೋಕೇ ಅನುಮತಿ ಬೇಕು ಅನ್ನೋ ವ್ಯವಸ್ಥೆ 802.1ಎಕ್ಸ್. ಸ್ವಿಚ್ ಅಥವಾ ವೈಫೈ ಆಕ್ಸೆಸ್ ಪಾಯಿಂಟ್ ಮೊದಲು ಬಾಗಿಲು ಮುಚ್ಚಿಟ್ಟಿರತ್ತೆ. ನಿಮ್ಮ ಮಾತನ್ನ ಹಿಂದಿರೋ ರೇಡಿಯಸ್ ಸರ್ವರ್‌ಗೆ ದಾಟಿಸತ್ತೆ, ಅದು ಹೂಂ ಅಂದ್ರೆ ಮಾತ್ರ ಬಾಗಿಲು ತೆಗೆಯತ್ತೆ. ಒಳ್ಳೇ ವ್ಯವಸ್ಥೆಗಳಲ್ಲಿ ಕಂಪ್ಯೂಟರ್ ಪಾಸ್‌ವರ್ಡ್ ಬದಲು ಸರ್ಟಿಫಿಕೇಟ್ ತೋರಿಸತ್ತೆ. ಅದರ ಪ್ರೈವೇಟ್ ಕೀಯನ್ನ ಟಿಪಿಎಂ ಅನ್ನೋ ಚಿಪ್‌ನಲ್ಲಿ ಇಟ್ಟರೆ ಡಿಸ್ಕ್ ಕಾಪಿ ಹೊಡೆದ್ರೂ ಕೀ ಕಾಪಿ ಆಗಲ್ಲ.

ಇಲ್ಲೂ ಪರೀಕ್ಷೆ ಎರಡೂ ಕಡೆಯದ್ದು. ಯೂಸರ್‌ನೇಮ್ ಪಾಸ್‌ವರ್ಡ್ ಕೇಳೋ ಕ್ಯಾಂಪಸ್ ವೈಫೈಗೆ ಸೇರುವಾಗ ಸರ್ವರ್ ಕೂಡ ತನ್ನ ಸರ್ಟಿಫಿಕೇಟ್ ತೋರಿಸತ್ತೆ. ಫೋನ್‌ನಲ್ಲಿ ಅದನ್ನ ಪರೀಕ್ಷಿಸಬೇಡ ಅನ್ನೋ ಆಯ್ಕೆ ಒತ್ತಿ ಬೇಗ ಕನೆಕ್ಟ್ ಆಗು ಅಂತ ಸಲಹೆ ಕೊಡೋರು ತುಂಬಾ ಜನ. ಒತ್ತಿದ್ರೆ ಏನಾಗತ್ತೆ? ಅದೇ ಹೆಸರಿನ ಹಾಟ್‌ಸ್ಪಾಟ್ ಹಾಕಿ ಪಕ್ಕದ ಬೆಂಚಲ್ಲಿ ಕೂತವನಿಗೂ ನಿಮ್ಮ ಫೋನ್ ಲಾಗಿನ್ ಆಗೋಕೆ ಹೋಗತ್ತೆ, ನಿಮ್ಮ ಪಾಸ್‌ವರ್ಡ್ ಒಡೆಯೋಕೆ ಬೇಕಾದ ಸಾಮಗ್ರಿ ಅವನಿಗೆ ಸಿಗತ್ತೆ. ಲ್ಯಾಬ್ ಪಿಸಿ ನಿಮಗೋಸ್ಕರ ದಿನಾ ಮಾಡೋ ಪರೀಕ್ಷೆಯನ್ನ ನಿಮ್ಮ ಫೋನ್‌ಗೆ ಬೇಡ ಅಂದ ಹಾಗಾಯ್ತು.

ನೀವೇ ನೋಡಿ

ಡೊಮೇನ್‌ಗೆ ಸೇರಿದ ಯಾವುದಾದ್ರೂ ಲ್ಯಾಬ್ ಪಿಸಿಯಲ್ಲಿ ಕಮಾಂಡ್ ಪ್ರಾಂಪ್ಟ್ ಸಿಕ್ಕರೆ ‘ಹೋಸ್ಟ್‌ನೇಮ್’ ಅಂತ ಕೊಡಿ, ಮೆಷಿನ್ ಹೆಸರು ಬರತ್ತೆ. ಆಮೇಲೆ ‘ಕೆಲಿಸ್ಟ್’ ಕೊಡಿ. ನಿಮ್ಮ ಹೆಸರಲ್ಲಿರೋ ಟಿಕೆಟ್‌ಗಳ ಪಟ್ಟಿ, ಪ್ರತಿಯೊಂದು ಶುರುವಾದ ಹೊತ್ತು, ಮುಗಿಯೋ ಹೊತ್ತು ಎಲ್ಲ ಕಾಣತ್ತೆ. ಬ್ಯಾಂಡ್ ಯಾವುದು, ಸ್ಲಿಪ್ ಯಾವುದು ಅಂತ ಗುರುತಿಸೋಕೆ ಪ್ರಯತ್ನ ಮಾಡಿ. ಶುರು ಮತ್ತು ಮುಕ್ತಾಯದ ನಡುವೆ ಎಷ್ಟು ಗಂಟೆ ಇದೆ ಲೆಕ್ಕ ಹಾಕಿ. ಎರಡೂ ಓದೋ ಕಮಾಂಡ್‌ಗಳು, ಏನೂ ಹಾಳಾಗಲ್ಲ.

ಇನ್ಮೇಲೆ ಟ್ರಸ್ಟ್ ಫೇಲ್ ಆದ ಮೆಸೇಜ್ ಕಂಡ್ರೆ ಲ್ಯಾಬ್ ಅಸಿಸ್ಟೆಂಟ್ ಸರ್ ಹತ್ರ ‘ಸರ್, ಸಿಸ್ಟಮ್ ಹಾಳಾಗಿದೆ’ ಅನ್ನಬೇಡಿ. ‘ಸರ್, ಈ ಮೆಷಿನ್‌ನ ಪಾಸ್‌ವರ್ಡ್ ಡೊಮೇನ್ ಜೊತೆ ತಾಳೆ ಆಗ್ತಿಲ್ಲ ಅನ್ಸತ್ತೆ’ ಅಂತ ಹೇಳಿ ನೋಡಿ. ಕೆಲಸ ಬೇಗ ಆಗತ್ತೆ, ಅವರು ನಿಮ್ಮನ್ನ ನೋಡೋ ರೀತಿಯೂ ಸ್ವಲ್ಪ ಬದಲಾಗಬಹುದು.